1,000 ರೂಪಾಯಿ ಬಾಕಿ ಉಳಿಸಿದ್ದಕ್ಕೆ 1,300 ರೂಪಾಯಿ ಬಡ್ಡಿ ಮತ್ತು ತೆರಿಗೆ: ಕಾರ್ಡ್ ವಿಭಾಗದ ಮೇಜಿನಿಂದ

ಬ್ಯಾಂಕಿನ ಕ್ರೆಡಿಟ್ ಕಾರ್ಡ್ ವಿಭಾಗದಲ್ಲಿ ದೂರು ನೋಡುವ ಮೇಜಿಗೆ ಪದೇ ಪದೇ ಬರುವ ಪ್ರಶ್ನೆ ಇದು: "ಬಿಲ್ಲಿನ ಬಹುಪಾಲು ಗಡುವಿನೊಳಗೇ ಕಟ್ಟಿದ್ದೇನೆ, ಇಷ್ಟೊಂದು ಬಡ್ಡಿ ಎಲ್ಲಿಂದ ಬಂತು?" ಹೀಗೆ ಕೇಳುವವರು ಸಾಲ ತಪ್ಪಿಸಿಕೊಂಡು ಓಡಾಡುವವರಲ್ಲ. ಬಡ್ಡಿ ಯಾವ ದಿನದಿಂದ ಓಡುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಏಪ್ರಿಲ್ 12ಕ್ಕೆ 20,000 ರೂಪಾಯಿಯ ವಾಷಿಂಗ್ ಮಷೀನ್ ಕೊಂಡರು ಎಂದಿಟ್ಟುಕೊಳ್ಳಿ. ಮೇ 10ಕ್ಕೆ ಬಿಲ್ ಬಂತು, ಕಟ್ಟಲು ಮೇ 30 ಕೊನೆಯ ದಿನ. ಆ ದಿನವೇ 19,000 ಕಟ್ಟಿದರು, 1,000 ಉಳಿಯಿತು. ಉಳಿದ ಸಾವಿರಕ್ಕಷ್ಟೇ ಬಡ್ಡಿ ಎಂದು ಬಹುತೇಕರ ಎಣಿಕೆ. ಆದರೆ ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ರದ್ದಾಗುತ್ತದೆ, ಖರೀದಿಸಿದ ದಿನದಿಂದಲೇ ಲೆಕ್ಕ ಶುರು. ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42ರಂತೆ 20,000ಕ್ಕೆ 48 ದಿನದ ಬಡ್ಡಿ ಸುಮಾರು 1,105 ರೂಪಾಯಿ. ಉಳಿದ 1,000ಕ್ಕೆ ಜೂನ್ 10ರ ಬಿಲ್ಲಿನವರೆಗೆ 12 ರೂಪಾಯಿ ಚಿಲ್ಲರೆ. ಇದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು ಸುಮಾರು 1,318.

ದೊಡ್ಡ ಏಟು ಬೀಳುವುದು ಇದರ ನಂತರ. ಹಳೇ ಬಾಕಿ ಒಂದು ರೂಪಾಯಿ ಇದ್ದರೂ ಹೊಸ ಖರೀದಿಗಳಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಜೂನ್ 2ಕ್ಕೆ ತಂದ ದಿನಸಿಗೆ ಜೂನ್ 2ರಿಂದಲೇ ಬಡ್ಡಿ. ಹಾಗಾಗಿ ಬಾಕಿ ಇರುವ ಕಾರ್ಡನ್ನು ಉಜ್ಜುತ್ತಲೇ ತಿಂಗಳು ತಿಂಗಳು ಸ್ವಲ್ಪ ಹೆಚ್ಚು ಕಟ್ಟುವವರು ವರ್ಷ ಕಳೆದರೂ ಅಲ್ಲೇ ನಿಂತಿರುತ್ತಾರೆ. ಸಾಲ ತೀರಿಸಲು ಹೊರಟವರು ಮಾಡಬೇಕಾದ ಮೊದಲ ಕೆಲಸ ಹೆಚ್ಚು ದುಡ್ಡು ಹೊಂದಿಸುವುದು ಎಂದು ಎಲ್ಲರೂ ಹೇಳುತ್ತಾರೆ. ನಾವು ಹೇಳುವುದು ಬೇರೆ: ಮೊದಲು ಆ ಕಾರ್ಡ್ ನಿಲ್ಲಿಸಿ.

ನಿಲ್ಲಿಸುವುದೆಂದರೆ ಕತ್ತರಿ ಹಾಕುವುದಲ್ಲ. ಕಾರ್ಡ್ ತುಂಡಾದರೂ ಅದರ ನಂಬರ್ ಬದುಕಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಟ್ಯಾಪ್, ವಿದೇಶಿ ವಹಿವಾಟುಗಳನ್ನು ಆಫ್ ಮಾಡಿ. ಶಾಪಿಂಗ್ ಮತ್ತು ಊಟದ ಆ್ಯಪ್‌ಗಳಲ್ಲಿ ಸೇವ್ ಆಗಿರುವ ಕಾರ್ಡನ್ನು ಅಳಿಸಿ. ಒಟಿಟಿ, ಇನ್ಶೂರೆನ್ಸ್, ಮೊಬೈಲ್ ಬಿಲ್‌ಗೆ ಕೊಟ್ಟಿರುವ ಆಟೋ ಪೇ ಅನುಮತಿಗಳನ್ನು ಒಂದೊಂದಾಗಿ ಬ್ಯಾಂಕ್ ಖಾತೆಗೆ ಬದಲಿಸಿ. ಇದರಲ್ಲಿ ಒಂದನ್ನು ಮರೆತರೂ ತಿಂಗಳಿಗೊಮ್ಮೆ ಹೊಸ ವಹಿವಾಟು ಹುಟ್ಟುತ್ತಲೇ ಇರುತ್ತದೆ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಅದನ್ನೂ ತೆಗೆಯಿರಿ. ಟೀ ಅಂಗಡಿಯ ಹದಿನೈದು ರೂಪಾಯಿಯೂ ಸಾಲಕ್ಕೆ ಸೇರುವುದು ಆ ದಾರಿಯಲ್ಲೇ.

ಇನ್ನು ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಿ ಎಂದು ಬಿಲ್ಲಿನಲ್ಲಿ ಕೇಳುವ ಮೊತ್ತ. ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸು, ಜೊತೆಗೆ ಇಎಂಐ ಕಂತು, ಶುಲ್ಕ, ತೆರಿಗೆ ಸೇರಿರುತ್ತದೆ. ಅದನ್ನು ಕಟ್ಟಿದರೆ ತಡಶುಲ್ಕ ತಪ್ಪುತ್ತದೆ, ನೀವು ಸಾಲ ಕಟ್ಟಿದ ರೀತಿಯ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ಕಪ್ಪುಚುಕ್ಕೆ ಬೀಳುವುದಿಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು. 1,00,000 ಬಾಕಿಗೆ ತಿಂಗಳ ಬಡ್ಡಿ 3,500, ಜಿಎಸ್‌ಟಿ 630. ನೀವು 5,000 ಕಟ್ಟಿದರೆ ಅಸಲಿಗೆ ಹೋಗುವುದು 870. ಹೀಗೇ ವರ್ಷವಿಡೀ 5,000ದಂತೆ 60,000 ಕಟ್ಟಿ, ಒಂದೂ ಹೊಸ ಖರೀದಿ ಮಾಡದಿದ್ದರೂ ಸುಮಾರು 86,800 ಉಳಿದಿರುತ್ತದೆ. ತಿಂಗಳಿಗೆ 10,000 ಕಟ್ಟಿದರೆ ಮಾತ್ರ ಹದಿನಾಲ್ಕನೇ ತಿಂಗಳಿಗೆ ಮುಗಿಯುತ್ತದೆ. ಒಟ್ಟು ಕೊಟ್ಟದ್ದು ಸುಮಾರು 1,31,600.

ಅದೇ ಲಕ್ಷವನ್ನು ಶೇ. 16ರ ಪರ್ಸನಲ್ ಲೋನ್‌ಗೆ ಬದಲಿಸಿದರೆ ಹನ್ನೆರಡು ತಿಂಗಳ ಕಂತು 9,073. ಒಟ್ಟು 1,08,900ರ ಹತ್ತಿರ, ಪ್ರೊಸೆಸಿಂಗ್ ಶುಲ್ಕ ಬೇರೆ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನ ಚಿನ್ನದ ಸಾಲ, ಕಚೇರಿಯಲ್ಲಿ ನೌಕರರ ಪತ್ತಿನ ಸಹಕಾರ ಸಂಘ ಇದ್ದರೆ ಅಲ್ಲಿನ ಸಾಲ ಇನ್ನೂ ಅಗ್ಗವಾಗಬಹುದು, ಮೊದಲು ಅಲ್ಲಿ ವಿಚಾರಿಸಿ. ಕಾರ್ಡ್ ಬ್ಯಾಂಕೇ ಬಾಕಿಯನ್ನು ಇಎಂಐ ಮಾಡಿಕೊಡುತ್ತದೆ. ಆದರೆ ಆ ಬಡ್ಡಿಯ ಮೇಲೂ ಜಿಎಸ್‌ಟಿ ಬೀಳುತ್ತದೆ, ಸಾಮಾನ್ಯ ಪರ್ಸನಲ್ ಲೋನ್ ಬಡ್ಡಿಗೆ ಅದಿಲ್ಲ. ದರ ಹೋಲಿಸುವಾಗ ಇದನ್ನು ಬಿಡಬೇಡಿ. ಯಾವ ದಾರಿ ಹಿಡಿದರೂ ಅಪಾಯ ಒಂದೇ: ಹೊಸ ಸಾಲದಿಂದ ಕಾರ್ಡ್ ಖಾಲಿಯಾದ ತಕ್ಷಣ ಲಿಮಿಟ್ ಪೂರ್ತಿ ತೆರೆದುಕೊಳ್ಳುತ್ತದೆ. ಆರೇಳು ತಿಂಗಳಲ್ಲಿ ಲೋನೂ ಇರುತ್ತದೆ, ಕಾರ್ಡೂ ತುಂಬಿರುತ್ತದೆ. ಆದ್ದರಿಂದ ಸಾಲ ಬದಲಿಸಿದ ದಿನವೇ ಲಿಮಿಟ್ ಇಳಿಸಲು ಬರೆದುಕೊಡಿ.

ಒಂದು ಕಾರ್ಡಿನ ಬಾಕಿ ಕಟ್ಟಲು ಇನ್ನೊಂದರಿಂದ ಎಟಿಎಂನಲ್ಲಿ ನಗದು ತೆಗೆಯುವುದು ಎಲ್ಲಕ್ಕಿಂತ ದುಬಾರಿ. ನಗದಿಗೆ ಬಡ್ಡಿರಹಿತ ದಿನವೇ ಇಲ್ಲ, ಜೊತೆಗೆ ಶೇ. 2.5ರಷ್ಟು ಶುಲ್ಕ. ಬಾಡಿಗೆಯ ನೆಪದಲ್ಲಿ ಸ್ನೇಹಿತರ ಖಾತೆಗೆ ಹಾಕಿ ತಿರುಗಿಸುವವರಿಗೂ ಶುಲ್ಕ ತಪ್ಪಿದ್ದಲ್ಲ.

ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಸಣ್ಣ ಬಡ್ಡಿ ಕಾಣಿಸಿದರೆ ಗಾಬರಿ ಬೇಡ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನದು ಅದು. ಅದನ್ನೂ ಕಟ್ಟಿದರೆ ಮಾತ್ರ ಬಡ್ಡಿರಹಿತ ಅವಧಿ ಮರಳುತ್ತದೆ. ನೂರೈವತ್ತು ರೂಪಾಯಿ ತಾನೇ ಎಂದು ಬಿಟ್ಟವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಆಟೋ ಡೆಬಿಟ್ ಅರ್ಜಿಯಲ್ಲಿ ಏನನ್ನು ಆರಿಸಿದ್ದೀರಿ ಎಂದೂ ಒಮ್ಮೆ ನೋಡಿ. "ಟೋಟಲ್" ಎಂದುಕೊಂಡು "ಮಿನಿಮಮ್" ಟಿಕ್ ಮಾಡಿದ ಅರ್ಜಿಗಳಿಗೆ ಲೆಕ್ಕವಿಲ್ಲ.

ಕೊನೆಯ ದಿನ ತಪ್ಪಿದರೆ ಮೂರು ದಿನ ದಾಟುವವರೆಗೆ ತಡಶುಲ್ಕ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಆದರೆ ಆ ರಿಯಾಯಿತಿ ತಡಶುಲ್ಕಕ್ಕೆ, ಬಡ್ಡಿಗಲ್ಲ. ಬಡ್ಡಿಗೆ ಶೇ. 30ರ ಮಿತಿ ಇದೆ ಎಂದು ವಾದಿಸಲು ಬರುವವರೂ ಇದ್ದಾರೆ. ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿದೆ.

ಕಟ್ಟಲು ಸಾಧ್ಯವೇ ಇಲ್ಲದವರಿಗೆ ಸೆಟಲ್‌ಮೆಂಟ್ ಇದೆ, ಅದು ಕೊನೆಯ ದಾರಿ. ಬಾಕಿಯ ಒಂದು ಭಾಗ ಮನ್ನಾ ಆದರೂ ಕ್ರೆಡಿಟ್ ವರದಿಯಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಎಂದು ಬೀಳುತ್ತದೆ, ಮುಂದೆ ಗೃಹಸಾಲ ಕೇಳಿದಾಗ ಅದೇ ಅಡ್ಡ ನಿಲ್ಲುತ್ತದೆ. ಒಪ್ಪುವುದಾದರೆ ಮೊತ್ತ, ಗಡುವು ಬರೆದ ಪತ್ರ ಬ್ಯಾಂಕಿನಿಂದಲೇ ಬರಲಿ. ದುಡ್ಡು ಕಾರ್ಡ್ ಖಾತೆಗೇ ಹೋಗಲಿ, ವಸೂಲಿ ಏಜೆಂಟರ ಯುಪಿಐಗೆ ಬೇಡ. ಅವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಕರೆಯ ಸಮಯ ತೋರುವ ಸ್ಕ್ರೀನ್‌ಶಾಟ್ ಸಮೇತ ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ.

ಬಾಕಿ ಸೊನ್ನೆಯಾದ ಮೇಲೆ ಕಾರ್ಡ್ ಬೇಡವೆಂದರೆ ಲಿಖಿತವಾಗಿ ಕೇಳಿ. ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕ್ ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕು. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ, ಸಿಬಿಲ್ ಸೇರಿದಂತೆ ಈ ವರದಿ ತಯಾರಿಸುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡುತ್ತವೆ. ಅಲ್ಲಿ ಇನ್ನೂ ಬಾಕಿ ತೋರಿಸುತ್ತಿದ್ದರೆ ತಿದ್ದಲು ಅರ್ಜಿ ಹಾಕಿ. 30 ದಿನ ಮೀರಿದರೆ ಅದಕ್ಕೂ ದಿನಕ್ಕೆ 100 ರೂಪಾಯಿ ಪರಿಹಾರವಿದೆ.