ಗಾಡಿ ಹುಡುಕಾಟ, ಮೂರನೇ ವಾರ: ಹೈಲಕ್ಸ್ ಕೈಬಿಟ್ಟೆ

ಹೋದ ವಾರ ಡೈರಿಯಲ್ಲಿ ಟೊಯೋಟಾ ಹೈಲಕ್ಸ್ ಪಿಕಪ್ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಈ ವಾರ ಹೆಸರಿನ ಮೇಲೆಯೇ ಗೆರೆ ಎಳೆದಾಯ್ತು.

ಕಾರಣ ದುಡ್ಡಷ್ಟೇ ಅಲ್ಲ. ನಮ್ಮದು ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಹಾಕುವ ಕೆಲಸ. ಶಹಾಬಾದಿನಲ್ಲಿ ಕಲ್ಲು ತುಂಬಿ, ಕಲಬುರಗಿಯ ಬ್ರಹ್ಮಪುರ, ಶಹಾಬಜಾರದ ಗಲ್ಲಿಗಳಲ್ಲಿ ಇಳಿಸಬೇಕು. ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಕಲ್ಲನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ. ಆರೂಕಾಲು ಕಿಲೋ. ಇಷ್ಟು ವರ್ಷ ಸುಮ್ನೆ ಕಣ್ಣಂದಾಜಿನಲ್ಲೇ ತುಂಬುತ್ತಿದ್ದೆ. 100 ಚದರ ಅಡಿಗೆ 625 ಕಿಲೋ ಆಯ್ತು! ಹೈಲಕ್ಸ್ ಹೊರುವುದು ಅರ್ಧ ಟನ್ನಿನ ಆಸುಪಾಸು. 204 ಪಿಎಸ್ ಎಂಜಿನ್ ಇಟ್ಟುಕೊಂಡು ಒಂದು ಅಡುಗೆಮನೆಯ ಕಲ್ಲು ತರುವುದೇ? ಮೇಲಾಗಿ 5.3 ಮೀಟರ್ ಉದ್ದ. ನಮ್ಮ ಗಲ್ಲಿಗಳಲ್ಲಿ ಒಳಗೆ ಹೋದರೆ ಹೊರಗೆ ಬರಲು ರಿವರ್ಸೇ ಗತಿ.

ಆಮೇಲೆ ಟಾಟಾ ಇಂಟ್ರಾ ವಿ30. 1,300 ಕಿಲೋ ಹೊರುತ್ತದೆ, 200 ಚದರ ಅಡಿ ಒಂದೇ ಟ್ರಿಪ್ಪಿಗೆ ಮುಗೀತು. ಸ್ಟೀರಿಂಗ್ ಹಗುರ, ಸಣ್ಣ ಜಾಗದಲ್ಲೂ ತಿರುಗುತ್ತದೆ. ಬೇರೆ ಯಾರಾದರೂ ಇಲ್ಲೇ ನಿಲ್ಲುತ್ತಿದ್ದರು. ಆದರೆ ಕ್ಯಾಬಿನ್‌ನಲ್ಲಿ ಡ್ರೈವರ್ ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಜಾಗ. ಉಳಿದವರು ಈಗಿನ ಹಾಗೆ ಕಲ್ಲಿನ ಮೇಲೆಯೇ ಕೂರಬೇಕು. ಹೋದ ತಿಂಗಳು ನಾನು ಜೋರಾಗಿ ಬ್ರೇಕ್ ಹಾಕಿದಾಗ ಒಂದು ಕಲ್ಲು ಜಾರಿ ನಮ್ಮ ಗೌಂಡಿಯ ಕಾಲ್ಬೆರಳು ಜಜ್ಜಿತು. ಅವತ್ತಿನಿಂದ ಅವನು ಬಸ್ಸಿಗೆ ಬರುತ್ತಾನೆ. ಅದಕ್ಕೆ ನಾನು ಏನೂ ಹೇಳುವ ಹಾಗಿಲ್ಲ.

ಹಾಗಾಗಿ ಈಗ ಮಹೀಂದ್ರ ಬೊಲೆರೊ ಕ್ಯಾಂಪರ್ ಮೇಲೆ ಕಣ್ಣು. ಎರಡು ಸಾಲು ಸೀಟು, ಒಂದು ಟನ್ ಲೋಡು. ಹಿಂದಿನ ಬಾಡಿ ಗಿಡ್ಡ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ನನಗೆ ಅದು ತೊಂದರೆಯೇ ಅಲ್ಲ. ಕಲ್ಲನ್ನು ನಿಲ್ಲಿಸಿ ಜೋಡಿಸಿದರೆ ಬಾಡಿ ತುಂಬುವುದಕ್ಕೆ ಎಷ್ಟೋ ಮೊದಲೇ ತೂಕ ತುಂಬಿರುತ್ತದೆ. ಐದು ಜನರ ತೂಕವನ್ನೂ ಹಿಡಿದು 100 ಚದರ ಅಡಿಗೆ ನಿಲ್ಲಿಸುವುದು ಅಂತ ಲೆಕ್ಕ ಹಾಕಿದ್ದೇನೆ. ದೊಡ್ಡ ಮನೆಯ ಕೆಲಸಕ್ಕೆ ಬಾಡಿಗೆ ಗಾಡಿ ಇದ್ದೇ ಇದೆ ಅಲ್ವಾ.

ಶೋರೂಮಿನವರು ಖಾಲಿ ಗಾಡಿ ಓಡಿಸಲು ಕೊಟ್ಟರು. ಸೇಡಂ ರಸ್ತೆಯ ಹಂಪುಗಳ ಮೇಲೆ ಸೊಂಟ ಹಿಡಿದುಕೊಂಡಿತು. ಹಿಂದಿನ ಕಮಾನು ಪಟ್ಟಿ ಭಾರಕ್ಕೆ ಅಂತಲೇ ಗಟ್ಟಿ ಇಟ್ಟಿರುತ್ತಾರೆ, ಖಾಲಿ ಇದ್ದರೆ ಕುಣಿಯುವುದೇ. ಲೋಡ್ ಹಾಕಿ ನೋಡುತ್ತೇನೆ ಅಂದರೆ ಒಪ್ಪಲಿಲ್ಲ. ಕೊನೆಗೆ ಪರಿಚಯದವರ ಕ್ಯಾಂಪರ್‌ನಲ್ಲಿ 80 ಚದರ ಅಡಿ ಕಲ್ಲು ಹಾಕಿ ಓಡಿಸಿದೆ. ಹಿಂದೆ ಕೂತಿದ್ದ ಗೌಂಡಿ ಹೇಳಿದ: “ಈಗ ನೋಡ್ರಿ ಅಣ್ಣಾರ, ಎಮ್ಮಿ ಹಂಗ ಸುಮ್ಮ ಹೊಂಟದ.”

ಕೊಳ್ಳುವುದಾದರೆ ಹಳದಿ ಪ್ಲೇಟೇ. ಸಾಲದ ಕಂತು ಇನ್ನೂ ವಿಚಾರಿಸಿಲ್ಲ. ಅದಕ್ಕಿಂತ ಮೊದಲು ಬ್ರಹ್ಮಪುರದ ಆ ಒಂದು ತಿರುವಿನಲ್ಲಿ ಇದೇ ಗಾಡಿ ತಿರುಗಿಸಿ ನೋಡಬೇಕು. ಬೆಳಿಗ್ಗೆ ಬೇಡ, ಸಂಜೆ ಏಳಕ್ಕೆ, ಎರಡೂ ಕಡೆ ಬೈಕ್ ನಿಂತಿರುವಾಗ.