ಸಂಕದ ಚಿತ್ರದಲ್ಲಿ ಸಂಕ ಬಿಟ್ಟು ಏನೇನಿದೆ

ಹಳೆಯ ಸಂಕದ, ಅಂದರೆ ಸೇತುವೆಯ, ಚಿತ್ರ ಸಿಕ್ಕರೆ ನಾನು ಮೊದಲು ನೋಡುವುದು ಅದರ ಅಡಿಯನ್ನು, ಆಮೇಲೆ ಎರಡೂ ತುದಿಗಳನ್ನು. ಜನರ ಬದುಕು ಇರುವುದು ಅಲ್ಲೇ ಅಲ್ವಾ?

ಡಚ್ ಚಿತ್ರಕಾರ ಕ್ಲಾಸ್ ವಿಸ್ಷರ್ 1616ರಲ್ಲಿ ಮಾಡಿದ ಲಂಡನ್ ನಗರದ ಚಿತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ್ದು. ನಾಲ್ಕು ಹಾಳೆ ಜೋಡಿಸಿದರೆ ಸುಮಾರು ಎರಡು ಮೀಟರ್ ಉದ್ದ. ಬಲಭಾಗಕ್ಕೆ ಸರಿಸಿ, ಲಂಡನ್ ಬ್ರಿಡ್ಜ್ ದೊಡ್ಡದು ಮಾಡಿ ನೋಡಿ.

ಸಂಕದ ಮೇಲೆಯೇ ಸಾಲು ಮನೆಗಳು. ನಮ್ಮ ಮಂಗಳೂರಿನ ಬಂದರ್‌ನ ಹಳೆ ಕಟ್ಟಡಗಳ ಹಾಗೆ ಕೆಳಗೆ ಅಂಗಡಿ, ಮೇಲೆ ಸಂಸಾರ. ಆ ಬಾಡಿಗೆ ಸಂಕದ ರಿಪೇರಿಗೆ ಹೋಗುತ್ತಿತ್ತು. ಅಡಿಯಲ್ಲಿ ಕಂಬಗಳು ಎಷ್ಟು ದಪ್ಪ ಅಂದರೆ ನೀರಿಗೆ ದಾರಿಯೇ ಸಾಲದೆ ಕಮಾನಿನೊಳಗೆ ರಭಸವಾಗಿ ನುಗ್ಗುತ್ತಿತ್ತು, ಹಾಗಾಗಿ ಎಷ್ಟೋ ಜನ ಈಚೆ ದೋಣಿ ಇಳಿದು, ನಡೆದು ಹೋಗಿ, ಆಚೆ ಮತ್ತೆ ಹತ್ತುತ್ತಿದ್ದರು. ದೋಣಿಯವನು ಮಾತ್ರ ಜೀವ ಕೈಯಲ್ಲಿ ಹಿಡಿದು ದಾಟಬೇಕು.

ಈಗ ದಕ್ಷಿಣದ ಹೆಬ್ಬಾಗಿಲು ನೋಡಿ. ಮೇಲೆ ಕಡ್ಡಿಗಳ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುವುದು ಮನುಷ್ಯರ ತಲೆಗಳು. ರಾಜದ್ರೋಹಿಗಳು ಅಂತ ಕಡಿಸಿದವರದು. ದಕ್ಷಿಣದಿಂದ ಸಂಕ ದಾಟಿ ಊರೊಳಗೆ ಬರುವವರೆಲ್ಲ ಅದರ ಕೆಳಗೇ ಬರಬೇಕು.

ವಿಸ್ಷರ್ ಲಂಡನ್ನಿಗೆ ಹೋಗಿಯೇ ಇರಲಿಲ್ಲ, ಬೇರೆಯವರ ಚಿತ್ರ ನೋಡಿ ಮಾಡಿದ್ದು ಅಂತ ಬಲ್ಲವರು ಹೇಳುತ್ತಾರೆ. ಹಾಗಾದರೆ ಮನೆಗಳ ಲೆಕ್ಕ, ಕಿಟಕಿಗಳ ಲೆಕ್ಕ ನಂಬುವ ಹಾಗಿಲ್ಲ. ಆದರೆ ದೂರದಲ್ಲಿ ಕೂತವನಿಗೂ ಆ ತಲೆಗಳನ್ನು ಬಿಟ್ಟರೆ ಲಂಡನ್ ಲಂಡನ್ ಆಗುವುದಿಲ್ಲ ಅನಿಸಿತಲ್ಲ, ನನಗೆ ಅದೇ ದೊಡ್ಡ ಸಾಕ್ಷಿ.

ನಮ್ಮ ಉಳ್ಳಾಲದ ನೇತ್ರಾವತಿ ಸಂಕದ ಇವತ್ತಿನ ಫೋಟೋ ನೂರು ವರ್ಷ ಬಿಟ್ಟು ಯಾರಾದರೂ ನೋಡಿದರೆ ಅಂಚಿನ ತಂತಿ ಬೇಲಿ ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಜನ ನದಿಗೆ ಹಾರದಿರಲಿ ಅಂತ ಹಾಕಿದ್ದು. ಎಷ್ಟು ಮನೆಗಳ ಸಂಕಟ ಆ ಬೇಲಿಯಲ್ಲಿದೆ!

1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಇದೇ ಹೊಳೆಯಲ್ಲಿ ಆವೆಮಣ್ಣಿನ ದೋಣಿಗಳು ಓಡಾಡಿದವು. ಅದನ್ನು ಹೊತ್ತವರ, ಹುಟ್ಟು ಹಾಕಿದವರ ಚಿತ್ರ ನನಗೆ ಬೇಕು. ನಿಮ್ಮ ಮನೆಯ ಆಲ್ಬಮ್‌ನಲ್ಲಿ ನೇತ್ರಾವತಿ, ಕೂಳೂರು, ಪಾಣೆಮಂಗಳೂರು ಸಂಕದ ಹಳೆ ಫೋಟೋ ಇದ್ದರೆ ದಯವಿಟ್ಟು ಕಳಿಸಿ. ಸಂಕ ಅರ್ಧ ಕಾಣದಿದ್ದರೂ ಅಡ್ಡಿಯಿಲ್ಲ, ದಡವೂ ದೋಣಿಯೂ ಇದ್ದರೆ ಸಾಕು.