ಮೂರೂವರೆ ಮಿಲಿಮೀಟರ್: ಮಾರುತಿ 800ರ ಬೆಲ್ಟಿನ ಸದ್ದು ಕೊನೆಗೂ ನಿಂತಿತು

ನಿನ್ನೆ ಬದಿಯಡ್ಕದಿಂದ ಕುಂಬಳೆಗೆ ಹೋಗಿ ಹಿಂತಿರುಗುವವರೆಗೆ ನಮ್ಮ 1997ರ ಮಾರುತಿ 800 ಒಮ್ಮೆಯೂ ಕೀರಲಿಲ್ಲ. ಜೂನ್ ಮೊದಲ ವಾರದಿಂದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯವರೆಗೆ ನನ್ನನ್ನು ಕಾಡಿದ ಆ "ಚಿರ್, ಚಿರ್, ಚಿರ್" ಎಂಬ ಸದ್ದಿಗೆ ಕಾರಣ ಬೆಲ್ಟೂ ಅಲ್ಲ, ಬೇರಿಂಗೂ ಅಲ್ಲ; ಆಲ್ಟರ್ನೇಟರಿನ (ಕಾರಿಗೆ ವಿದ್ಯುತ್ತು ಕೊಡುವ ಯಂತ್ರ) ಪುಲ್ಲಿಯ ಗಾಡಿ, ಅಂದರೆ ಬೆಲ್ಟು ಕೂರುವ ತೋಡು, ಇರಬೇಕಾದ ನೇರಕ್ಕಿಂತ 3.5 ಮಿ.ಮೀ. ಒಳಗೆ ಇದ್ದುದು. ಆ ಮೂರೂವರೆ ಮಿಲಿಮೀಟರನ್ನು ಕಂಡುಹಿಡಿಯಲು ಏಳು ವಾರ ಹಿಡಿಯಿತು ಎಂಬುದಕ್ಕಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ 796 ಸಿಸಿ ಎಂಜಿನ್‌ನ ವ್ಯವಸ್ಥೆ ಸರಳ. ಒಂದು ವಿ-ಬೆಲ್ಟು, ಮೂರು ಪುಲ್ಲಿಗಳು: ಕ್ರ್ಯಾಂಕಿನದು (ಎಂಜಿನ್ನಿನ ಮುಖ್ಯ ದಂಡದ್ದು), ವಾಟರ್ ಪಂಪಿನದು, ಆಲ್ಟರ್ನೇಟರಿನದು. ರೇಡಿಯೇಟರಿನ ಫ್ಯಾನು ವಿದ್ಯುತ್ತಿನಿಂದ ತಿರುಗುವುದಾದರೂ ಅಂಗಡಿಯಲ್ಲಿ "ಫ್ಯಾನ್ ಬೆಲ್ಟ್" ಎಂದು ಕೇಳಿದರೆ ಮಾತ್ರ ಇದು ಸಿಗುತ್ತದೆ. ನಮ್ಮದರಲ್ಲಿ ಎ.ಸಿ. ಇಲ್ಲ, ಆದ್ದರಿಂದ ಎರಡನೆಯ ಬೆಲ್ಟಿನ ಗೊಂದಲವೂ ಇಲ್ಲ. ಇಷ್ಟು ಸರಳವಾದ ಜಾಗದಲ್ಲಿ ದೋಷ ಇಷ್ಟು ದಿನ ಅಡಗಿ ಕುಳಿತಿತು.

ಮಳೆಗಾಲದಲ್ಲಿ ಬೆಲ್ಟು ಕೀರುವುದು ಸಹಜ ಎಂದು ನೋಡಿದವರೆಲ್ಲ ಹೇಳಿದರು, ನಾನೂ ನಂಬಿದೆ. ಆದರೆ ನಮ್ಮ ಕಾರಿನ ಸದ್ದು ಅದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಿತ್ತು. ರಾತ್ರಿಯಿಡೀ ಎರಚಲು ಹೊಡೆದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮೊದಲ ಎರಡು ನಿಮಿಷ ಏನೂ ಇಲ್ಲ. ಬೆಲ್ಟು ಬಿಸಿಯಾಗಿ ಒಣಗುತ್ತಿದ್ದಂತೆ ಸದ್ದು ಆರಂಭ. ಸಡಿಲವಾದ ಬೆಲ್ಟು ಜಾರುವಾಗ ಬರುವುದು ಉದ್ದನೆಯ ಕಿರುಚಾಟ. ಹೆಡ್‌ಲೈಟು ಹಾಕಿ ಆಲ್ಟರ್ನೇಟರಿನ ಮೇಲೆ ಭಾರ ಹೆಚ್ಚಿಸಿದರೆ ಅದು ಜೋರಾಗುತ್ತದೆ. ನನ್ನದು ಹಕ್ಕಿಮರಿಯ ಕೂಗಿನಂತೆ ತುಂಡುತುಂಡಾಗಿ ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿದಂತೆ ಅದರ ಲಯ ವೇಗವಾಗುತ್ತಿತ್ತೇ ಹೊರತು ಲೈಟು ಹಾಕಿದ್ದಕ್ಕೆ ಏನೂ ಬದಲಾಗುತ್ತಿರಲಿಲ್ಲ. ಓಡುತ್ತಿರುವ ಬೆಲ್ಟಿನ ಮೇಲೆ ಬಾಟಲಿಯಿಂದ ನೀರು ಚಿಮುಕಿಸಿದಾಗಲೂ ಹಾಗೆಯೇ: ಸದ್ದು ತಕ್ಷಣ ನಿಂತು, ಸ್ವಲ್ಪ ಹೊತ್ತಿನಲ್ಲಿ ಮರಳಿತು. ನೀರು ಬಿದ್ದಾಗ ಸದ್ದು ಹೆಚ್ಚಿದರೆ ಬಿಗಿತದ ದೋಷ, ನಿಂತು ಮರಳಿದರೆ ಪುಲ್ಲಿಗಳ ನೇರದ ದೋಷ. ಈ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ, ಬೆಲ್ಟಿನ ರಬ್ಬರು ಗಟ್ಟಿಯಾಗಿರುವುದರಿಂದ ನೀರು ಸೋಕಿದಾಗ ಮೆತ್ತಗಾಗುತ್ತಿದೆ ಎಂದು ತೀರ್ಮಾನಿಸಿ ಹೊಸ ಬೆಲ್ಟಿಗೆ ಹೊರಟೆ.

ಬೆಲ್ಟಿನ ಪ್ರಸಂಗದಲ್ಲಿ ಎರಡು ಪ್ರಯಾಣ ವ್ಯರ್ಥವಾಯಿತು. ಹಳೆಯ ಬೆಲ್ಟಿನ ಮೇಲೆ 10 ಎಂದು, ಅಂದರೆ ಮೇಲ್ಭಾಗದ ಅಗಲ 10 ಮಿ.ಮೀ. ಎಂದು, ಸ್ಪಷ್ಟವಾಗಿ ಬರೆದಿತ್ತು. ಅದನ್ನೇ ಕೈಯಲ್ಲಿ ಹಿಡಿದು ತೋರಿಸಿದರೂ ಕಾಸರಗೋಡಿನ ಒಂದು ಅಂಗಡಿಯಲ್ಲಿ 13ರ ಬೆಲ್ಟನ್ನು ಕೊಟ್ಟು "ಇದು ಮತಿ" (ಮಲಯಾಳದಲ್ಲಿ, ಇದು ಸಾಕು) ಎಂದರು. ಮತಿಯಾಗಲಿಲ್ಲ. ಅದು ಗಾಡಿಯೊಳಗೆ ಇಳಿಯದೆ ಪುಲ್ಲಿಯ ಅಂಚಿಗಿಂತ ಮೇಲೆ ನಿಂತಿತು. ವಿ-ಬೆಲ್ಟು ಎಳೆಯುವುದು ತನ್ನ ಎರಡು ಪಕ್ಕೆಗಳಿಂದ. ಪಕ್ಕೆಗಳು ಪೂರ್ತಿ ತಾಗಬೇಕು, ತಳ ಮಾತ್ರ ಗಾಡಿಯ ತಳಕ್ಕೆ ತಾಗಬಾರದು. ಅದನ್ನು ಹಿಂತಿರುಗಿಸಲು ಹೋದಾಗ ಹಣ ಮರಳಲಿಲ್ಲ, ಬದಲಿಗೆ ವೈಪರ್ ಬ್ಲೇಡು ತೆಗೆದುಕೊಳ್ಳಲು ಹೇಳಿದರು. ಗಿರಾಕಿ ಅಳತೆಯನ್ನು ಹೇಳಿದಾಗ ಅದನ್ನು ಕೇಳಿಸಿಕೊಳ್ಳುವುದು ವ್ಯಾಪಾರದ ಮೊದಲ ಕರ್ತವ್ಯ ಎಂದೇ ನನ್ನ ಅಭಿಪ್ರಾಯ. ಸರಿಯಾದ ಬೆಲ್ಟು ಮಂಗಳೂರಿನಲ್ಲಿ ಸಿಕ್ಕಿತು. ಹೆಬ್ಬೆರಳಿನಿಂದ ನಡುವೆ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗುವಂತೆ ಬಿಗಿದೆ. ಮೂರು ದಿನ ನೆಮ್ಮದಿ. ನಾಲ್ಕನೆಯ ದಿನ ಸೀತಾಂಗೋಳಿಯ ಹತ್ತಿರ ಮತ್ತೆ ಚಿರ್, ಚಿರ್.

ಆಗ ಇನ್ನೂ ಬಿಗಿ ಮಾಡುವ ಆಸೆ ಬರುವುದು ಸಹಜ. ಅದನ್ನು ಮಾಡಬೇಡಿ. ಅತಿಯಾಗಿ ಬಿಗಿದರೆ ಸದ್ದು ಕೆಲವು ದಿನ ಅಡಗಬಹುದು, ಆದರೆ ಆ ಎಳೆತವನ್ನೆಲ್ಲ ವಾಟರ್ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳು ಹೊರಬೇಕಾಗುತ್ತದೆ. ನಾನು ಬೆಲ್ಟನ್ನು ಕಳಚಿ ಎಂಜಿನನ್ನು ಅರ್ಧ ನಿಮಿಷ ಮಾತ್ರ ಓಡಿಸಿದೆ (ಬೆಲ್ಟಿಲ್ಲದೆ ವಾಟರ್ ಪಂಪು ತಿರುಗುವುದಿಲ್ಲ, ಹೆಚ್ಚು ಹೊತ್ತು ಓಡಿಸುವಂತಿಲ್ಲ). ಪೂರ್ಣ ಮೌನ. ನಂತರ ಪುಲ್ಲಿಗಳನ್ನು ಕೈಯಿಂದ ತಿರುಗಿಸಿದಾಗ ಆಲ್ಟರ್ನೇಟರಿನದು ತುಸು ಒರಟಾಗಿದೆ ಎನಿಸಿ ಮುಂಬದಿಯ ಬೇರಿಂಗನ್ನೂ ಬದಲಾಯಿಸಿದೆ. ಬೇರಿಂಗಿನ ಅಂಗಡಿಯಲ್ಲೂ ನಾನು ಕೇಳಿದ್ದು ಎರಡೂ ಬದಿ ರಬ್ಬರು ಸೀಲಿರುವ 2ಆರ್‌ಎಸ್, ಮೊದಲು ಕೊಟ್ಟದ್ದು ಬರಿಯ ತಗಡಿನ ಮುಚ್ಚಳದ 2ಝೆಡ್. ನಮ್ಮ ಮಳೆಯಲ್ಲಿ, ಕೆಂಪುಮಣ್ಣಿನ ಕೆಸರು ಚಕ್ರದಿಂದ ನೇರವಾಗಿ ಸಿಡಿಯುವ ಜಾಗದಲ್ಲಿ, ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಬೇರಿಂಗು ಹೊಸದಾಯಿತು. ಸದ್ದು ಹಳೆಯದೇ ಉಳಿಯಿತು.

ಅಂದು ಸಂಜೆ ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ನೂಲು ಹಿಡಿದು ನೋಡಿದೆಯಾ?"

ತೋಟಕ್ಕೆ ಕರೆಂಟು ಬರುವ ಮೊದಲು ನಮ್ಮ ಅಡಿಕೆಗೆ ನೀರು ಹಾಯಿಸುತ್ತಿದ್ದುದು ಡೀಸೆಲ್ ಪಂಪ್‌ಸೆಟ್. ಎಂಜಿನ್ನಿಗೂ ಪಂಪಿಗೂ ನಡುವೆ ಬೆಲ್ಟು ಹಾಕುವ ಮೊದಲು ಎರಡು ಪುಲ್ಲಿಗಳ ಮುಖಕ್ಕೆ ನೂಲನ್ನು ಎಳೆದು ಹಿಡಿದು, ಅದು ನಾಲ್ಕು ಕಡೆಗಳಲ್ಲೂ ತಾಗುವವರೆಗೆ ಪಂಪನ್ನು ಸರಿಸುವುದು ಆ ಕಾಲದ ಕ್ರಮ. ಆ ಎಂಜಿನ್ ಇನ್ನೂ ಕೊಟ್ಟಿಗೆಯಲ್ಲಿದೆ. ಬೇಸಿಗೆಯ ಒಳಗೆ ಅದನ್ನು ಮತ್ತೆ ಓಡಿಸುವುದು ನನ್ನ ಮುಂದಿನ ಕೆಲಸ. ಅದರದು 17 ಮಿ.ಮೀ. ಅಗಲದ ಬಿ-ಬೆಲ್ಟುಗಳ ಜೋಡಿ, ಎರಡೂ ಒಂದೇ ಉದ್ದದವು ಸಿಗಬೇಕು, ಅದರ ಅಂಗಡಿ ಅಲೆದಾಟವನ್ನು ಇನ್ನೊಮ್ಮೆ ಬರೆಯುತ್ತೇನೆ.

ಮರುದಿನ ಚಕ್ರ ಕಳಚಿ, ಒಳಗಿನ ಮುಚ್ಚಳ ತೆಗೆದು, ನೂಲಿನ ಬದಲು ಸ್ಟೀಲಿನ ಅಡಿಪಟ್ಟಿಯನ್ನು ಕ್ರ್ಯಾಂಕಿನ ಮತ್ತು ಆಲ್ಟರ್ನೇಟರಿನ ಪುಲ್ಲಿಗಳ ಮುಖಕ್ಕೆ ಒತ್ತಿದೆ. ಕೂದಲು ತೂರುವಷ್ಟೂ ಸಂದಿಲ್ಲದೆ ನೇರವಾಗಿತ್ತು. ಅಪ್ಪನ ಉಪಾಯವೂ ಸೋತಿತೆಂದು ಬೇಸರವಾಯಿತು. ಕಳಚಿಟ್ಟ ಬೆಲ್ಟು ಮಾತ್ರ ಬೇರೆಯೇ ಹೇಳುತ್ತಿತ್ತು: ಅದರ ಒಂದು ಪಕ್ಕೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಇನ್ನೊಂದು ಹೊಸದರಂತೆಯೇ ಮಾಸಲಾಗಿತ್ತು, ಮತ್ತು ರಬ್ಬರಿನ ಕಪ್ಪು ಪುಡಿ ಆಲ್ಟರ್ನೇಟರಿನ ಒಂದೇ ಬದಿಗೆ ಅಂಟಿತ್ತು. ನೇರವಾಗಿ ಓಡುವ ಬೆಲ್ಟು ಒಂದೇ ಬದಿ ಸವೆಯುವುದಿಲ್ಲ.

ಅಡಿಪಟ್ಟಿ ಹೇಳಿದ್ದು ಪುಲ್ಲಿಗಳ ಮುಖದ ವಿಷಯ, ಬೆಲ್ಟು ಓಡುವುದು ಗಾಡಿಯಲ್ಲಿ. ಇದು ಹೊಳೆದೊಡನೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ತಂದು ಮುಖದಿಂದ ಗಾಡಿಯ ಅಂಚಿನವರೆಗಿನ ದಪ್ಪವನ್ನು ಅಳೆದೆ. ಕ್ರ್ಯಾಂಕಿನ ಪುಲ್ಲಿಯಲ್ಲಿ 3 ಮಿ.ಮೀ., ಆಲ್ಟರ್ನೇಟರಿನದರಲ್ಲಿ 6.5. ಮುಖಗಳು ಸಮವಾಗಿದ್ದರೂ ಗಾಡಿಗಳ ನಡುವೆ 3.5 ಮಿ.ಮೀ. ಅಂತರ. ವಾಟರ್ ಪಂಪಿನ ಗಾಡಿ ಕ್ರ್ಯಾಂಕಿನದಕ್ಕೆ ಸರಿಯಾಗಿಯೇ ಇತ್ತು. ವಿ-ಬೆಲ್ಟಿಗೆ ಸಾಮಾನ್ಯವಾಗಿ ಅರ್ಧ ಡಿಗ್ರಿಯವರೆಗಿನ ಓರೆಯನ್ನು ಒಪ್ಪುತ್ತಾರೆ. ನನ್ನ ಅಳತೆಯಲ್ಲಿ ಎರಡು ಪುಲ್ಲಿಗಳ ನಡುವೆ 240 ಮಿ.ಮೀ. ದೂರ, ಅದಕ್ಕೆ ಅರ್ಧ ಡಿಗ್ರಿ ಎಂದರೆ ಸುಮಾರು 2.1 ಮಿ.ಮೀ. ನನ್ನದು 0.8 ಡಿಗ್ರಿ ದಾಟಿತ್ತು. ಬೆಲ್ಟು ಪ್ರತಿ ಸುತ್ತಿನಲ್ಲೂ ಗಾಡಿಯ ಅಂಚಿಗೆ ಉಜ್ಜಿಕೊಂಡು ಒಳಗಿಳಿಯುತ್ತಿತ್ತು, ಆ ಉಜ್ಜಾಟವೇ ಚಿರ್ ಎಂಬ ಸದ್ದು, ನೀರು ಅದಕ್ಕೆ ಎಣ್ಣೆಯ ಕೆಲಸ ಮಾಡುತ್ತಿತ್ತು.

ಮೇ ತಿಂಗಳಲ್ಲಿ ಡಯೋಡು ಸುಟ್ಟು ಆಲ್ಟರ್ನೇಟರನ್ನು ರಿಪೇರಿಗೆ ಕೊಟ್ಟದ್ದು ಆಗ ನೆನಪಾಯಿತು. ಅಲ್ಲಿ ಯಾವುದೋ ಬೇರೆ ಆಲ್ಟರ್ನೇಟರಿನ ಪುಲ್ಲಿಯನ್ನು ಹಾಕಿ ಕಳಿಸಿದ್ದಾರೆ. ಕೇಳಿದರೆ ಒಪ್ಪಲಿಲ್ಲ, ಹಳೆಯ ಪುಲ್ಲಿಯೂ ಸಿಗಲಿಲ್ಲ. ರಿಪೇರಿಗೂ ಸದ್ದಿಗೂ ನಡುವೆ ಎರಡು ವಾರ ಕಳೆದು, ಅಷ್ಟರಲ್ಲಿ ಮಳೆ ಬಂದದ್ದರಿಂದ ನಾನು ತಪ್ಪನ್ನು ಮಳೆಯ ಮೇಲೆ ಹೊರಿಸಿದ್ದೆ.

ಪುಲ್ಲಿಗೂ ಬೇರಿಂಗಿಗೂ ನಡುವೆ ಒಂದು ಕಾಲರ್ (ಬಳೆಯಂಥ ತುಂಡು) ಇರುತ್ತದೆ. ಅದಕ್ಕಿಂತ 3.5 ಮಿ.ಮೀ. ಉದ್ದದ ಇನ್ನೊಂದನ್ನು ಲೇತ್‌ನಲ್ಲಿ ಮಾಡಿಸಿದರೆ ಗಾಡಿ ಸರಿಯಾದ ಸಾಲಿಗೆ ಬರಬೇಕು. ಕಾಲರ್ ಬೇರಿಂಗಿನ ಒಳಬಳೆಗೆ ಮಾತ್ರ ತಾಗಬೇಕು, ಸೀಲನ್ನು ಮುಟ್ಟಬಾರದು. ಆದ್ದರಿಂದ ಹೊರ ಅಳತೆಯನ್ನು ಹಳೆಯದರಷ್ಟೇ ಇರಿಸಲು ಹೇಳಿದೆ. ಮೊದಲು ಬಂದ ಕಾಲರಿನ ಎರಡು ಮುಖಗಳು ಸಮಾನಾಂತರವಾಗಿರಲಿಲ್ಲ, ಒಂದು ಕಡೆ 0.2 ಮಿ.ಮೀ. ಹೆಚ್ಚಿತ್ತು. ನಟ್ಟು ಬಿಗಿದಾಗ ಪುಲ್ಲಿ ಕಣ್ಣಿಗೆ ಕಾಣುವಂತೆ ಓಲಾಡಿತು. ಲೇತಿನ ಮೇಸ್ತ್ರಿ ಬೇಸರವಿಲ್ಲದೆ ಇನ್ನೊಂದನ್ನು ಮಾಡಿದರು. ಈ ಬಾರಿ ಎರಡೂ ಮುಖಗಳನ್ನು ಒಂದೇ ಹಿಡಿತದಲ್ಲಿ ಕಡಿದು ಕೊಟ್ಟರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಪುಲ್ಲಿ ಹೊರಗೆ ಬಂದುದರಿಂದ ನಟ್ಟಿಗೆ ಶಾಫ್ಟಿನಲ್ಲಿ ಸಾಕಷ್ಟು ತಿರುಪಿನ ಎಳೆ ಉಳಿಯುವುದೇ ಎಂಬ ಆತಂಕವಿತ್ತು. ಪೂರ್ತಿ ಬಿಗಿದ ಮೇಲೂ ಶಾಫ್ಟಿನ ಒಂದು ಎಳೆ ನಟ್ಟಿನ ಹೊರಗೆ ಕಾಣುತ್ತಿದೆ, ಇದಕ್ಕಿಂತ ಕಡಿಮೆಯಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಒಂದು ಪಕ್ಕೆ ಸವೆದ ಬೆಲ್ಟನ್ನು ಮತ್ತೆ ಹಾಕದೆ ಮಂಗಳೂರಿನಿಂದ ಇನ್ನೊಂದನ್ನು ತರಿಸಿದೆ. ಹಾಕಿದ ಮೇಲೆ 300 ಕಿ.ಮೀ. ಓಡಿದೆ. ಇವತ್ತು ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದಾಗ ಹೊಸ ಬೆಲ್ಟು ಎಂದಿನಂತೆ ತುಸು ಸಡಿಲಿತ್ತು. ಮತ್ತೆ 10 ಮಿ.ಮೀ.ಗೆ ಬಿಗಿದೆ. ಎರಡು ಪಕ್ಕೆಗಳೂ ಒಂದೇ ಬಣ್ಣದಲ್ಲಿವೆ, ಆಲ್ಟರ್ನೇಟರಿನ ಮೇಲೆ ಒರೆಸಿದ ಬಿಳಿ ಬಟ್ಟೆಗೆ ಕಪ್ಪು ಪುಡಿ ಅಂಟಲಿಲ್ಲ.